ರ‍್ಯಾಮ್ ಖಾಲಿ ಇದ್ದರೂ ಬಫರ್ ಸಿಗದ ಡ್ರೈವರ್: ನಾನು ಹಿಡಿದ ದಾರಿ

ಉತ್ತರ ಕನ್ನಡ ಕರಾವಳಿಯ ಬೈತಖೋಲದಿಂದ ತದಡಿಯವರೆಗಿನ ಐಸ್ ಪ್ಲಾಂಟುಗಳಲ್ಲಿ ಕ್ಯಾಮೆರಾ ರೆಕಾರ್ಡಿಂಗಿಗೆ ಕೂರಿಸಿದ ಆರ್ಮ್ ಬೋರ್ಡುಗಳು (ಲಿನಕ್ಸ್ ಓಡುವ ಪುಟ್ಟ ಕಂಪ್ಯೂಟರುಗಳು) ಈಗ ರೀಬೂಟ್ ಕೇಳದೆ ತಿಂಗಳುಗಟ್ಟಲೆ ಓಡುತ್ತಿವೆ. ಮೊದಲು ಕೆಲವು ದಿನಕ್ಕೇ ವಿಡಿಯೊ ಒಡೆಯುತ್ತಿತ್ತು. ತೊಂದರೆ ನೆಟ್‌ವರ್ಕ್ ಡ್ರೈವರಿನಲ್ಲಿದೆ (ನೆಟ್‌ವರ್ಕ್ ಚಿಪ್ಪನ್ನು ನಡೆಸುವ ಲಿನಕ್ಸ್ ತುಣುಕು), ಬಂದ ಪ್ಯಾಕೆಟ್ ಇಡುವ ಮೆಮೊರಿ ತುಂಡು, ಅಂದರೆ ಬಫರ್, ಅದಕ್ಕೆ ಸಿಗುತ್ತಿಲ್ಲ ಎಂದಾಗ ಯಾರೂ ಒಪ್ಪಿರಲಿಲ್ಲ. ಕೇಬಲ್ ಬದಲಿಸಿ, ಸ್ವಿಚ್ ಬದಲಿಸಿ, ಕೊನೆಗೆ ಬೋರ್ಡೇ ಬದಲಿಸಿ ಎಂದರು. 1 ಜಿಬಿ ರ‍್ಯಾಮಿನ ಬೋರ್ಡ್ ತೆಗೆದು 4 ಜಿಬಿ ಬೋರ್ಡ್ ಹಾಕಿದರೆ ಒಂದಕ್ಕೆ 10-11 ಸಾವಿರ. ಇಪ್ಪತ್ತರ ಹತ್ತಿರ ಪೆಟ್ಟಿಗೆಗಳಿಗೆ ಎರಡು ಲಕ್ಷದ ಮೇಲೆ. ಅಷ್ಟು ಸುರಿದರೂ ತೊಂದರೆ ಕೆಲವು ದಿನ ಮುಂದೆ ಹೋಗುತ್ತಿತ್ತು, ಅಷ್ಟೇ. ನಾಪಿ (ಪ್ಯಾಕೆಟ್ಟುಗಳನ್ನು ಗೊಂಚಲಾಗಿ ಎತ್ತುವ ಲಿನಕ್ಸ್ ವ್ಯವಸ್ಥೆ), ರಿಂಗ್ (ಬಫರುಗಳ ಸುತ್ತುಪಟ್ಟಿ), ಡಿಎಂಎ (ಚಿಪ್ಪು ತಾನೇ ನೇರ ಮೆಮೊರಿಗೆ ಬರೆಯುವುದು) ಬಲ್ಲವರಿಗಾಗಿ ಬರೆಯುತ್ತಿದ್ದೇನೆ, ಪಾಠ ಹೇಳುವುದಿಲ್ಲ.

ಲಕ್ಷಣ ಹೀಗೆ: ಬೂಟ್ ಆದಮೇಲೆ ನಾಲ್ಕೈದು ದಿನ ಸರಿ. ಆಮೇಲೆ ಅರ್ಧ ಮಿಲಿಸೆಕೆಂಡ್ ಇದ್ದ ಪಿಂಗ್ (ಪ್ಯಾಕೆಟ್ ಹೋಗಿ ಬರುವ ಸಮಯ) ಒಮ್ಮೊಮ್ಮೆ 200ಕ್ಕೆ ನೆಗೆಯುತ್ತದೆ, ವಿಡಿಯೊ ಚೌಕಚೌಕವಾಗಿ ಒಡೆಯುತ್ತದೆ. ಉಪ್ಪುಗಾಳಿಗೆ ಆರ್‌ಜೆ45 ಪಿನ್ನುಗಳು ಕಿಲುಬು ಹಿಡಿಯುವುದು ನಮ್ಮ ಕಡೆ ಮಾಮೂಲು, ಹಾಗಾಗಿ ಎಲ್ಲರ ಬೆರಳೂ ಕೇಬಲ್ ಕಡೆಗೇ. ಆದರೆ ಕೇಬಲ್ ಕೆಟ್ಟರೆ ಸಿಆರ್‌ಸಿ (ದಾರಿಯಲ್ಲಿ ಕೆಟ್ಟ ಪ್ಯಾಕೆಟ್ಟುಗಳ) ಎಣಿಕೆ ಏರಬೇಕು. ನೆಟ್‌ವರ್ಕ್ ಚಿಪ್ಪಿನ ಲೆಕ್ಕ ತೋರಿಸುವ ಇಥ್‌ಟೂಲ್ ಅಂಕಿಗಳಲ್ಲಿ ಸಿಆರ್‌ಸಿ ಸೊನ್ನೆ; ಏರುತ್ತಿದ್ದದ್ದು 'ಬಫರ್ ಇಲ್ಲ' ಎನ್ನುವ ಕೌಂಟರ್ ಮಾತ್ರ. ಇನ್ನೊಂದು ಸಂಗತಿ ಹಲವರ ದಾರಿ ತಪ್ಪಿಸಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಐಸಿಗೆ ಬೇಡಿಕೆ ಇಲ್ಲ, ಕ್ಯಾಮೆರಾ ಮುಂದೆ ಓಡಾಟ ಇಲ್ಲ, ಡಿಸ್ಕಿಗೆ ಬರೆಯುವುದು ಕಡಿಮೆ, ಪೇಜ್ ಕ್ಯಾಶ್ (ಡಿಸ್ಕಿನ ಮಾಹಿತಿಗೆ ಲಿನಕ್ಸ್ ಬಳಸುವ ರ‍್ಯಾಮ್) ಬೆಳೆಯುವುದಿಲ್ಲ, ಖಾಲಿ ರ‍್ಯಾಮ್ ಚೂರಾಗುವುದಿಲ್ಲ. ಆ ಎರಡು ತಿಂಗಳಲ್ಲಿ ಏನು ಬದಲಿಸಿದರೂ ಸರಿಹೋದಂತೆಯೇ ಕಾಣುತ್ತದೆ. ಆಗಸ್ಟ್ ಎರಡನೇ ವಾರ ದಾಟದೆ ಯಾವ ರಿಪೇರಿಯನ್ನೂ ನಂಬಬಾರದು.

ಕರ್ನಲ್ (ಲಿನಕ್ಸಿನ ತಿರುಳು) ಫಂಕ್ಷನ್ನುಗಳಿಗೆ ಹಿಡಿಯುವ ಸಮಯ ಅಳೆಯುವ ಫಂಕ್ಷನ್ ಗ್ರಾಫ್ ಟ್ರೇಸರನ್ನು ರಿಂಗ್ ತುಂಬಿಸುವ ಫಂಕ್ಷನ್ನಿಗೆ ಮಾತ್ರ ಹಚ್ಚಿ, ಟ್ರೇಸಿಂಗ್ ಥ್ರೆಶ್ 1000 ಮೈಕ್ರೊಸೆಕೆಂಡ್ ಇಟ್ಟೆ; ಅದಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದಷ್ಟೇ ಕಾಣುತ್ತದೆ. ಥ್ರೆಶ್ ಇಲ್ಲದೆ ಓಡಿಸಿದರೆ ಲಕ್ಷಾಂತರ ಸಾಲುಗಳಲ್ಲಿ ಬೇಕಾದ್ದು ಮುಳುಗಿಹೋಗುತ್ತದೆ. ಬಂದದ್ದು ಕೆಲವೇ ಸಾಲು: ಒಂದೊಂದು ಅಲೊಕೇಶನ್ನಿಗೆ (ಮೆಮೊರಿ ಪಡೆಯುವುದಕ್ಕೆ) 30-40 ಮಿಲಿಸೆಕೆಂಡ್, ಅದರೊಳಗೆ ಕಂಪ್ಯಾಕ್ಷನ್ (ಚದುರಿದ ಖಾಲಿ ಜಾಗ ಒಟ್ಟುಗೂಡಿಸುವುದು), ಅದರೊಳಗೆ ಪೇಜ್ ಮೈಗ್ರೇಶನ್ (ಪೇಜುಗಳನ್ನು, ಅಂದರೆ 4 ಕೆಬಿ ಮೆಮೊರಿ ತುಂಡುಗಳನ್ನು, ಬೇರೆಡೆಗೆ ಸರಿಸುವುದು). ನಾಪಿಯೊಳಗೆ ಜಿಎಫ್‌ಪಿ ಅಟಾಮಿಕ್ (ಕಾಯದೆ ಮೆಮೊರಿ ಕೇಳುವುದು) ಸೋತಾಗ ಈ ಡ್ರೈವರ್ ಒಂದು ವರ್ಕ್‌ಕ್ಯೂ (ಹಿನ್ನೆಲೆ ಕೆಲಸ) ಎಬ್ಬಿಸುತ್ತದೆ; ಅದು ನಾಪಿಯನ್ನು ನಿಲ್ಲಿಸಿ ಜಿಎಫ್‌ಪಿ ಕರ್ನಲ್‌ನಲ್ಲಿ, ಅಂದರೆ ಕಾಯಲು ಒಪ್ಪಿ, ಮತ್ತೆ ಕೇಳುತ್ತದೆ. ಅಷ್ಟರವರೆಗೆ ರಿಂಗಿನಲ್ಲಿ ಆಗಲೇ ಬಂದು ಕೂತ ಪ್ಯಾಕೆಟ್ಟುಗಳೂ ಕಾಯಬೇಕು. ನಾಲ್ಕೈದು ಬಫರಿಗೆ ಹೀಗಾದರೆ 200 ಮಿಲಿಸೆಕೆಂಡ್ ಆಯಿತು, ಪಿಂಗ್ ಲೆಕ್ಕ ಸರಿಹೊಂದಿತು.

ಇನ್ನು ಬಡ್ಡಿಇನ್ಫೋ: ಒತ್ತಟ್ಟಿಗೆ 4, 8, 16 ಕೆಬಿ ಹೀಗೆ ಖಾಲಿ ಇರುವ ತುಂಡುಗಳ ಎಣಿಕೆಯನ್ನು ಕಾಲಂ ಕಾಲಂ ಆಗಿ ತೋರಿಸುವ ಕರ್ನಲ್ ಸಾಲು. 'ಫ್ರೀ' ಕಮಾಂಡ್ 130 ಎಂಬಿ ಖಾಲಿ ಎನ್ನುತ್ತಿದ್ದಾಗ ಆ ಸಾಲಿನ ಮೊದಲ ಕಾಲಂ 21 ಸಾವಿರದ ಆಸುಪಾಸು, ಎರಡನೆಯದು 6 ಸಾವಿರ, ಮೂರನೆಯದು ಒಮ್ಮೆ 3, ಒಮ್ಮೆ 0, ಅದರಾಚೆ ಎಲ್ಲ ಸೊನ್ನೆ. ಜಾಗ ಇದೆ, ಆದರೆ ಒತ್ತಟ್ಟಿಗೆ 16 ಕೆಬಿ ಇಲ್ಲ. ಡ್ರೈವರ್ ಕೇಳುತ್ತಿದ್ದದ್ದು ಅದನ್ನೇ. ಜಂಬೋ ಫ್ರೇಮಿಗೆಂದು (ಮಾಮೂಲಿಗಿಂತ ದೊಡ್ಡ ಪ್ಯಾಕೆಟ್) ಬಫರ್ ಅಳತೆ ಸುಮಾರು ಒಂಬತ್ತೂವರೆ ಕೆಬಿ. ಕರ್ನಲ್ಲಿನಲ್ಲಿ ಮೆಮೊರಿ ಹಂಚುವ ಸ್ಲ್ಯಾಬ್ ಅದನ್ನು 16ಕ್ಕೆ ಏರಿಸುತ್ತದೆ, ಅಂದರೆ ಆರ್ಡರ್ 2 (ಒತ್ತಟ್ಟಿಗೆ ನಾಲ್ಕು ಪೇಜ್). ಬರುತ್ತಿದ್ದದ್ದು 1500 ಬೈಟಿನೊಳಗಿನ ಕ್ಯಾಮೆರಾ ಪ್ಯಾಕೆಟ್.

ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಅಳತೆ) ಇಳಿಸಿದರೆ ಮುಗಿಯಿತಲ್ಲ ಎನ್ನುತ್ತೀರಿ. ಇಳಿಸಿ ನೋಡಿದ್ದೇನೆ. ಅಳತೆಯನ್ನು ಡ್ರೈವರಿನಲ್ಲಿ ಕಾನ್‌ಸ್ಟಂಟ್ ಆಗಿ ಬರೆದಿದ್ದರು, ಎಂಟಿಯು ನೋಡುವುದೇ ಇಲ್ಲ. ರಿಂಗ್ 256ರಿಂದ 1024ಕ್ಕೆ ಏರಿಸಿದರೆ ಇನ್ನೂ ಕೆಡುತ್ತದೆ. 4 ಎಂಬಿ ಬದಲು 16 ಎಂಬಿಯಷ್ಟು ಆರ್ಡರ್ 2 ತುಂಡು ಬೇಕಾಗುತ್ತದೆ. ಮಿನ್ ಫ್ರೀ ಕೆಬೈಟ್ಸ್ (ಕರ್ನಲ್ ಖಾಲಿ ಉಳಿಸಿಕೊಳ್ಳುವ ಮೆಮೊರಿ) 64 ಎಂಬಿಗೆ ತಂದಾಗ ಎರಡು ದಿನ ಹೆಚ್ಚು ಸರಿಯಾಗಿ ಓಡಿತು, ಆದರೆ ಮೆಮೊರಿ ತೆರವು ಮಾಡುವ ಕೆಸ್ವಾಪ್‌ಡಿ ಸುಮ್ಮನೆ ಕೂರಲೇ ಇಲ್ಲ. ಗಂಟೆಗೊಮ್ಮೆ ಕ್ರಾನ್‌ನಿಂದ ಕಂಪ್ಯಾಕ್ಟ್ ಮೆಮೊರಿ (ಬಲವಂತದ ಕಂಪ್ಯಾಕ್ಷನ್) ಹೊಡೆಸಿದರೆ ಹೊಡೆಯುವ ಹೊತ್ತಿಗೇ ವಿಡಿಯೊ ತಡವರಿಸುತ್ತದೆ.

ಕೆಲಸ ಮಾಡಿದ್ದು ಪೇಜ್ ಪೂಲ್, ಅಂದರೆ ಬಳಸಿದ ಪೇಜುಗಳನ್ನೇ ಮತ್ತೆ ಬಳಸಲು ಇಟ್ಟುಕೊಳ್ಳುವ ಸಂಗ್ರಹ. ಕರ್ನಲ್ 6.1. ಆರ್ಡರ್ 0, ಒಂದು ಬಫರಿಗೆ ಒಂದೇ 4 ಕೆಬಿ ಪೇಜ್. ತಲೆಯಲ್ಲಿ ಖಾಲಿ ಬಿಡುವ ಹೆಡ್‌ರೂಮಿಗೆ 256, ಬಾಲದಲ್ಲಿ ಕರ್ನಲ್ ಲೆಕ್ಕ ಬರೆಯುವ ಶೇರ್ಡ್ ಇನ್ಫೋಗೆ 320 ಬಿಟ್ಟರೂ 3500 ಬೈಟ್ ಉಳಿಯುತ್ತದೆ. ಪೇಜನ್ನು ಕರ್ನಲ್ ಪ್ಯಾಕೆಟ್ ಆಗಿಸಲು ನಾಪಿ ಬಿಲ್ಡ್ ಎಸ್‌ಕೆಬಿ, ಅದಾದ ಕೂಡಲೇ ಮರುಬಳಕೆಯ ಗುರುತು ಹಾಕುವ ಮಾರ್ಕ್ ಫಾರ್ ರಿಸೈಕಲ್. ಈ ಗುರುತು ಹಾಕಲು ಮರೆತರೆ ಪೇಜುಗಳು ಪೂಲಿಗೆ ಮರಳುವುದಿಲ್ಲ, ಪಟ್ಟ ಶ್ರಮವೆಲ್ಲ ವ್ಯರ್ಥ. ಮ್ಯಾಕ್ಸ್ ಎಂಟಿಯು ಕಡಿತ ಮಾಡುವಾಗ ಹಾರ್ಡ್‌ವೇರಿನ ಗರಿಷ್ಠ ಫ್ರೇಮ್ ರಿಜಿಸ್ಟರನ್ನೂ ಇಳಿಸಲೇಬೇಕು. ಇಲ್ಲದಿದ್ದರೆ ದೊಡ್ಡ ಫ್ರೇಮ್ ಒಂದು ಬಂದಾಗ ಡಿಎಂಎ ಪಕ್ಕದ ಪೇಜಿನ ಮೇಲೆ ಬರೆಯುತ್ತದೆ, ಆಮೇಲೆ ಎಲ್ಲೋ ಸಂಬಂಧವಿಲ್ಲದ ಕಡೆ ಕರ್ನಲ್ ಬೀಳುತ್ತದೆ.

ಸಿಪಿಯು ಸಮಯ ಎಲ್ಲಿ ಹೋಗುತ್ತದೆಂದು ತೋರಿಸುವ ಪರ್ಫ್‌ನಲ್ಲಿ ಇನ್ನೊಂದು ಸಿಕ್ಕಿತು. ಈ ಚಿಪ್ಪಿನ ಡಿಎಂಎ, ಸಿಪಿಯು ಕ್ಯಾಶ್ ಜೊತೆ ಹೊಂದಿಕೊಂಡದ್ದಲ್ಲ, ಹಾಗಾಗಿ ಪ್ರತಿ ಬಫರಿಗೂ ಒಂಬತ್ತೂವರೆ ಕೆಬಿ ಕ್ಯಾಶ್ ಇನ್‌ವ್ಯಾಲಿಡೇಟ್ (ಕ್ಯಾಶಿನ ಹಳೆಯ ಪ್ರತಿ ರದ್ದು) ಆಗುತ್ತಿತ್ತು. ಮಾಮೂಲು ದಿನಗಳಲ್ಲೂ ಅಲೊಕೇಶನ್ ನಿಧಾನ ಎನಿಸುತ್ತಿದ್ದುದರಲ್ಲಿ ಅರ್ಧ ಪಾಲು ಇದರದ್ದೇ. ಪೂಲಿಗೆ ಡಿಎಂಎ ಸಿಂಕ್ ಫ್ಲ್ಯಾಗ್ ಕೊಟ್ಟು ಮ್ಯಾಕ್ಸ್ ಲೆನ್ 1536 ಮಾಡಿ ಆ ಕೆಲಸವನ್ನು ಅಷ್ಟೇ ಬೈಟಿಗೆ ಇಳಿಸಿದ ಮೇಲೆ ಬಫರ್ ಒಂದಕ್ಕೆ ಹತ್ತು ಮೈಕ್ರೊಸೆಕೆಂಡ್ ಮೇಲಿದ್ದದ್ದು ಒಂದೆರಡಕ್ಕೆ ಇಳಿಯಿತು. ಪಡೆದ ಮೆಮೊರಿಯನ್ನೆಲ್ಲ ಮೊದಲು ಸೊನ್ನೆ ಮಾಡುವ ಇನಿಟ್ ಆನ್ ಅಲಾಕ್ ತೆಗೆದೂ ನೋಡಿದೆ. ಪೇಜ್ ಮರುಬಳಕೆ ಶುರುವಾದ ಮೇಲೆ ಅದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ, ಹಾಗೇ ಇರಲಿ.

ಕೇಳದೆ ಬಂದ ಲಾಭವೂ ಒಂದಿದೆ. ಸಾಕೆಟ್ (ಪ್ರೋಗ್ರಾಂ ಪ್ಯಾಕೆಟ್ ಓದಿಕೊಳ್ಳುವ ಜಾಗ) ಲೆಕ್ಕ ಹಿಡಿಯುವುದು ಟ್ರೂಸೈಜಿನಿಂದ, ಅಂದರೆ ಪ್ಯಾಕೆಟ್ ಹಿಡಿದಿರುವ ಪೂರ್ತಿ ಮೆಮೊರಿಯಿಂದ. 16 ಕೆಬಿ ಬಫರ್ ಇದ್ದಾಗ 212992 ಬೈಟಿನ ಡಿಫಾಲ್ಟ್ ಸಾಕೆಟ್ ಬಫರ್ 12-13 ಪ್ಯಾಕೆಟ್ಟಿಗೇ ತುಂಬುತ್ತಿತ್ತು. ಈಗ 48ರ ಹತ್ತಿರ ಹಿಡಿಯುತ್ತದೆ. ಯುಡಿಪಿ (ಕಳೆದ ಪ್ಯಾಕೆಟ್ ಮತ್ತೆ ಕಳಿಸದ ವಿಧಾನ) ವಿಡಿಯೊ ಒಡೆಯುವುದು ನಿಂತದ್ದರಲ್ಲಿ ಇದರ ಪಾಲು ದೊಡ್ಡದು.

ಪರೀಕ್ಷೆಗೆ ನಾಲ್ಕೈದು ದಿನ ಕಾಯಲಾಗದು. ಪೇಜುಗಳನ್ನು ರಾಶಿ ಹಿಡಿದು ಒಂದು ಬಿಟ್ಟು ಒಂದನ್ನು ಬಿಡುಗಡೆ ಮಾಡುವ ಪುಟ್ಟ ಮಾಡ್ಯೂಲ್ ಬರೆದರೆ ಹತ್ತು ನಿಮಿಷದಲ್ಲಿ ಬಡ್ಡಿಇನ್ಫೋ ಅದೇ ಸ್ಥಿತಿಗೆ ಬರುತ್ತದೆ. ಯಾವ ಪೇಜುಗಳನ್ನು, ಯಾವ ಕ್ರಮದಲ್ಲಿ ಬಿಡಬೇಕು ಎಂಬುದನ್ನು ನಾನು ಇಟ್ಟುಕೊಳ್ಳುತ್ತೇನೆ. ಪೂಲ್ ರಿಂಗಿಗಿಂತ ಎಷ್ಟು ದೊಡ್ಡದಿರಬೇಕು ಎಂಬ ಲೆಕ್ಕವೂ ಹಾಗೆಯೇ. ಅನ್ನ ಕೊಡುವ ಕೆಲಸ ಇದು. ಇಡೀ ಖರ್ಚು ಒಂದು ಸೀರಿಯಲ್ ಕೇಬಲ್, ಬೈಕಿನ ಪೆಟ್ರೋಲ್ ಮತ್ತು ನನ್ನ ಕೂಲಿ ಸೇರಿ 35 ಸಾವಿರ ದಾಟಲಿಲ್ಲ. ಎರಡು ಲಕ್ಷದ ಕೊಟೇಶನ್ ಪಕ್ಕದಲ್ಲೇ ಇಟ್ಟು ತೋರಿಸಿದ್ದೇನೆ.

ಹಾಕಿದ ಮೇಲೆ ಇಥ್‌ಟೂಲಿನಲ್ಲಿ ಪೇಜ್ ಪೂಲ್ ಅಂಕಿಗಳನ್ನು ನೋಡುತ್ತಿರಿ. ಅಲಾಕ್ ಫಾಸ್ಟ್ (ಪೂಲಿನಿಂದಲೇ ಸಿಕ್ಕ ಪೇಜ್) ಸಾವಿರ ಏರಿದರೆ ಅಲಾಕ್ ಸ್ಲೋ (ಹೊರಗಿಂದ ಹೊಸದಾಗಿ ಪಡೆದದ್ದು) ಎರಡು-ಮೂರಕ್ಕಿಂತ ಹೆಚ್ಚು ಏರಬಾರದು. ಏರಿದರೆ ಹೆಚ್ಚಾಗಿ ರೆಕಾರ್ಡರ್ ಪ್ರೋಗ್ರಾಂ ಸಾಕೆಟ್ ಓದದೆ ಪೇಜುಗಳನ್ನು ಹಿಡಿದು ಕೂತಿದೆ, ಡ್ರೈವರ್ ಮುಟ್ಟಬೇಡಿ. ಇಂಟರ್‌ಫೇಸ್ ಇಳಿಸಿದಾಗ 60 ಸೆಕೆಂಡಿಗೊಮ್ಮೆ 'ಸ್ಟಾಲ್ಡ್ ಪೂಲ್ ಶಟ್‌ಡೌನ್' ಎಂದು ಲಾಗ್ ಬರುತ್ತಲೇ ಇದ್ದರೆ ಮಾತ್ರ ಡ್ರೈವರಿಗೆ ಮರಳಿ: ಪ್ಯಾಕೆಟ್ ಬಿಸಾಡುವ ಯಾವುದೋ ಎರರ್ ದಾರಿಯಲ್ಲಿ ಪೇಜನ್ನು ಪೂಲಿಗೆ ಕೊಡುವುದು ಬಿಟ್ಟುಹೋಗಿರಬಹುದು.