ಸೋರಿಯಾಸಿಸ್ ಗಂಟಿಗೂ ಇಳಿಯುತ್ತಿದೆಯಾ? ಮನೆಯಲ್ಲೇ ಗುರುತಿಸುವುದು ಹೇಗೆ

ಉಡುಪಿಯಲ್ಲಿ ನಮ್ಮ ಸಂಬಂಧಿಕರೊಬ್ಬರ ಅಂಗಡಿ ಉಂಟು. ದಿನವಿಡೀ ನಿಂತೇ ಕೆಲಸ. ಹಿಮ್ಮಡಿ ನೋವು ಶುರುವಾದಾಗ ಎರಡು ವರ್ಷ ಸುಮ್ನೆ ಚಪ್ಪಲಿ ಬದಲಿಸುತ್ತಾ ಹೋದರು. ಮೊಣಕೈಯಲ್ಲಿ ಸೋರಿಯಾಸಿಸ್ (ಚರ್ಮದ ಮೇಲೆ ಕಲೆ ಎದ್ದು ಹೊಟ್ಟು ಉದುರುವ ಕಾಯಿಲೆ) ಇದ್ದದ್ದು ಮನೆಯವರಿಗೆಲ್ಲ ಗೊತ್ತಿತ್ತು. ಆದರೆ ಚರ್ಮದ ಡಾಕ್ಟರಿಗೆ ಅವರು ಹಿಮ್ಮಡಿಯ ಸುದ್ದಿ ಹೇಳಲಿಲ್ಲ, ಮೂಳೆ ಡಾಕ್ಟರ ಹತ್ತಿರ ಹೋಗುವಾಗ ನಾಚಿಕೆಯಿಂದ ಫುಲ್ ತೋಳಿನ ಅಂಗಿ ಹಾಕಿಕೊಂಡು ಹೋದರು. ಎರಡೂ ಒಂದೇ ಕಾಯಿಲೆ ಅಂತ ಗೊತ್ತಾಗುವಾಗ ಒಂದು ಬೆರಳು ಪೂರ್ತಿ ಮಡಚಲು ಬರುತ್ತಿರಲಿಲ್ಲ.

ಇದಕ್ಕೆ ಸೋರಿಯಾಟಿಕ್ ಆರ್ಥ್ರೈಟಿಸ್ ಅಂತಾರೆ. ಮೈಯ ರಕ್ಷಣಾ ವ್ಯವಸ್ಥೆಯೇ ತಪ್ಪಿ ಚರ್ಮದ ಜೊತೆಗೆ ಗಂಟುಗಳ ಮೇಲೂ ಬೀಳುವುದು. ಸೋರಿಯಾಸಿಸ್ ಇರುವ 100 ಜನರಲ್ಲಿ 20ರಿಂದ 30 ಜನರಿಗೆ ಬರಬಹುದು ಎಂಬ ಅಂದಾಜು ಉಂಟು. ಹೆಚ್ಚಿನವರಿಗೆ ಚರ್ಮದ ಕಲೆ ಬಂದು 7ರಿಂದ 10 ವರ್ಷದ ನಂತರ, ಸಾಮಾನ್ಯವಾಗಿ 30–50ರ ವಯಸ್ಸಿನಲ್ಲಿ. ಅಂದರೆ ಕಾಯಿಲೆ ಹಳೆಯದಾಗಿ, ನಾವು ಅದನ್ನು ಮರೆತೇ ಬಿಟ್ಟಿರುವ ಹೊತ್ತಿಗೆ!

ಮೊದಲು ಉಗುರು ನೋಡಿ. ಬಣ್ಣ ಹಚ್ಚಿದ್ದರೆ ಒರೆಸಿ, ಬಿಸಿಲಿನಲ್ಲಿ ಹಿಡಿದು ನೋಡಿ. ಸೂಜಿ ಮೊನೆಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಳಿ, ತುದಿ ಎದ್ದು ಬಂದಿರುವುದು, ಒಳಗೆ ಎಣ್ಣೆ ಬಿದ್ದ ಹಾಗೆ ಹಳದಿ ಕಲೆ: ಇದರಲ್ಲಿ ಒಂದಿದ್ದರೂ ಗಂಟಿನ ಮೇಲೆ ಕಣ್ಣಿಡಬೇಕು. ಉಗುರಿಗೂ ಗಂಟಿಗೂ ಏನು ಸಂಬಂಧ ಅಂತ ನನಗೂ ಅನಿಸಿತ್ತು. ಬೆರಳನ್ನು ನೆಟ್ಟಗೆ ಮಾಡುವ ನರದಂಥ ಪಟ್ಟಿ ಕೊನೆಯ ಗಂಟಿನಲ್ಲಿ ಮೂಳೆಗೆ ಅಂಟಿಕೊಳ್ಳುವುದು ಉಗುರಿನ ಬುಡದ ಪಕ್ಕದಲ್ಲೇ. ಅಲ್ಲಿ ಉರಿಯೂತ ಆದರೆ ಉಗುರೂ ಕೆಡುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಕೈ ಒಣಗುವುದೇ ಇಲ್ಲ, ಹಾಗಾಗಿ ಉಗುರು ಕೆಟ್ಟ ತಕ್ಷಣ ಫಂಗಸ್ ಅಂದುಬಿಡುತ್ತಾರೆ. ಸೋರಿಯಾಸಿಸ್ ಇರುವವರು ಅಷ್ಟಕ್ಕೇ ಬಿಡಬೇಡಿ, ಪರೀಕ್ಷೆ ಮಾಡಿಸಿ.

ಆಮೇಲೆ ಕಲೆ ಎಲ್ಲೆಲ್ಲಿ ಉಂಟು ಅಂತ ನೋಡಿಕೊಳ್ಳಿ. ಮಂಡೆಯಲ್ಲಿ, ಪೃಷ್ಠದ ಸಂದಿಯಲ್ಲಿ ಇದ್ದರೆ ಅಪಾಯ ಜಾಸ್ತಿ. ಅದನ್ನು ಹೇಳಲು ನಾಚಿಕೆ, ಡಾಕ್ಟರು ಕೇಳುವುದೂ ಕಮ್ಮಿ, ನೀವೇ ಹೇಳಬೇಕು ಮಾರಾಯ್ರೇ. ಮನೆಯಲ್ಲಿ ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಈ ಗಂಟು ನೋವು ಇದ್ದರೆ, ಮೈತೂಕ ಜಾಸ್ತಿ ಇದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇನ್ನು ಬೆಳಿಗ್ಗೆ ಎದ್ದ ಮೇಲೆ ಗಡಿಯಾರ ನೋಡಿ. ಕೈಕಾಲು ಬಿಗಿದುಕೊಂಡದ್ದು ಸಡಿಲಾಗಲು ಅರ್ಧ ಗಂಟೆಗಿಂತ ಜಾಸ್ತಿ ಬೇಕಾ? ದುಡಿದು ಬಂದ ನೋವು ಕೂತರೆ ಕಡಿಮೆಯಾಗುತ್ತದೆ. ಈ ನೋವು ಹಾಗಲ್ಲ, ಕೂತರೆ ಹೆಚ್ಚು, ಓಡಾಡಿದರೆ ಸಲೀಸು. ಸೊಂಟ ನೋವು ನಡುರಾತ್ರಿ ಕಳೆದ ಮೇಲೆ ಎಬ್ಬಿಸುತ್ತಿದ್ದರೆ ಅದೂ ಇದೇ ಜಾತಿಯದ್ದಿರಬಹುದು. 2008ರಲ್ಲಿ ದಕ್ಷಿಣ ಕನ್ನಡದಲ್ಲಿ ಚಿಕೂನ್‌ಗುನ್ಯ ಹಬ್ಬಿತ್ತಲ್ವಾ, ಇವತ್ತಿಗೂ ಯಾವ ಗಂಟು ನೋವು ಬಂದರೂ ಅದರ ತಲೆಗೆ ಕಟ್ಟುವವರಿದ್ದಾರೆ.

ಬೆರಳು ಬಾತುಕೊಂಡರೆ ಗಂಟು ಮಾತ್ರವಾ, ಇಡೀ ಬೆರಳಾ ಅಂತ ನೋಡಿ. ಈ ಕಾಯಿಲೆಯಲ್ಲಿ ಬುಡದಿಂದ ತುದಿವರೆಗೆ ಕದಳಿ ಹಣ್ಣಿನ ಹಾಗೆ ಉಬ್ಬುತ್ತದೆ. ಕಾಲಿನ ಬೆರಳಾದರೆ ಯೂರಿಕ್ ಆಸಿಡ್ ಹೆಚ್ಚಾಗಿ ಬರುವ ಗಂಟು ನೋವು (ಗೌಟ್) ಅಂತ ತಪ್ಪು ತಿಳಿಯುವುದು ಸುಲಭ, ಸೋರಿಯಾಸಿಸ್‌ನವರಿಗೆ ಅದೂ ಹೆಚ್ಚಿರುವುದುಂಟು.

ಈಗ ಡಾಕ್ಟರುಗಳೇ ಬಳಸುವ ‘ಪೆಸ್ಟ್’ ಎಂಬ ಐದು ಪ್ರಶ್ನೆ. ಯಾವತ್ತಾದರೂ ಗಂಟು ಊದಿಕೊಂಡಿತ್ತಾ? ಡಾಕ್ಟರು ಆರ್ಥ್ರೈಟಿಸ್ ಅಂದದ್ದುಂಟಾ? ಉಗುರಲ್ಲಿ ಗುಳಿ ಉಂಟಾ? ಹಿಮ್ಮಡಿ ನೋವು ಬಂದಿತ್ತಾ? ಕಾರಣವಿಲ್ಲದೆ ಇಡೀ ಬೆರಳು ಊದಿ ನೋಯಿತ್ತಾ? ಮೂರಕ್ಕೆ ಹೌದು ಅಂದರೆ ರುಮಟಾಲಜಿಸ್ಟ್ (ಗಂಟಿನ ಕಾಯಿಲೆಯ ತಜ್ಞ ಡಾಕ್ಟರು) ಹತ್ತಿರ ಹೋಗಲೇಬೇಕು. ಇದರಲ್ಲಿ ಸೊಂಟದ ಪ್ರಶ್ನೆ ಇಲ್ಲ, ಹಾಗಾಗಿ ಒಂದೇ ಹೌದು ಬಂದರೂ ಸೊಂಟ ನೋವಿದ್ದರೆ ತೋರಿಸಿ.

ಲ್ಯಾಬ್ ರಿಪೋರ್ಟ್ ನಂಬಿ ಕೂರಬೇಡಿ. ಆರ್‌ಎ ಫ್ಯಾಕ್ಟರ್ (ರುಮಟಾಯ್ಡ್ ಎಂಬ ಇನ್ನೊಂದು ಗಂಟಿನ ಕಾಯಿಲೆಗೆ ಮಾಡುವ ರಕ್ತ ಪರೀಕ್ಷೆ) ಇದರಲ್ಲಿ ಸಾಮಾನ್ಯವಾಗಿ ನೆಗೆಟಿವ್. ಇಎಸ್‌ಆರ್, ಸಿಆರ್‌ಪಿ ಎಂಬ ಉರಿಯೂತ ಅಳೆಯುವ ರಕ್ತ ಪರೀಕ್ಷೆಗಳು ಕೂಡ ನಾರ್ಮಲ್ ಬರಬಹುದು, ಶುರುವಿನಲ್ಲಿ ಎಕ್ಸ್‌ರೇ ಚೆನ್ನಾಗಿಯೇ ಕಾಣಬಹುದು. ಹಾಗಂತ ಕಾಯುವುದೂ ಅಲ್ಲ, ಆರು ತಿಂಗಳು ತಡವಾದರೂ ಮೂಳೆ ಸವೆತ ಹೆಚ್ಚುತ್ತದೆ ಎಂದು ಅಧ್ಯಯನ ತೋರಿಸಿದೆ. ನಡುವೆ ಯಾರೋ ಹೇಳಿದರು ಅಂತ ಸ್ಟೀರಾಯ್ಡ್ ಮಾತ್ರೆ ನುಂಗಿ ಆಮೇಲೆ ನಿಲ್ಲಿಸಿದರೆ ಚರ್ಮದ ಕಾಯಿಲೆ ಭುಗಿಲೆದ್ದೀತು.

ಹೋಗುವಾಗ ತುಂಡು ತೋಳಿನ ಅಂಗಿ ಹಾಕಿ, ಚರ್ಮದ ಡಾಕ್ಟರ ಹಳೆ ಚೀಟಿ ಹಿಡಿದುಕೊಳ್ಳಿ. ಊತ ಅವತ್ತೇ ಇಳಿದುಬಿಡುವುದುಂಟು, ಊದಿದಾಗಲೇ ಮೊಬೈಲಲ್ಲಿ ಫೋಟೋ ತೆಗೆದಿಡಿ. ಈ ಕಾಯಿಲೆ ಕಣ್ಣಿಗೂ ಇಳಿಯುವುದುಂಟು; ಕಣ್ಣು ಕೆಂಪಾಗಿ ನೋವು ಬಂದು ಬೆಳಕು ನೋಡಲಾಗದಿದ್ದರೆ ಮಾತ್ರ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ.