ಬೇರೆಯವರ ಹಾಡಿಗೆ ಕೂತಾಗ

ಬರೆಯೋದು, ಟ್ಯೂನ್ ಹಾಕೋದು, ಹಾಡೋದು ಮೂರೂ ನನ್ನದೇ. ಈಚೆಗೆ ಬೇರೆ ಗಾಯಕರ ಹಾಡುಗಳನ್ನೂ ಪ್ರೊಡ್ಯೂಸ್ ಮಾಡುತ್ತೇನೆ, ಅಂದರೆ ಅವರಿಂದ ಹಾಡಿಸಿ ರೆಕಾರ್ಡಿಂಗನ್ನು ರೂಪಿಸಿ ಕೊಡುತ್ತೇನೆ. ಆಗ ನನ್ನ ಗಂಟಲನ್ನು ಅವರ ಹಾಡಿನಿಂದ ದೂರ ಇಡುವುದೇ ದೊಡ್ಡ ಕೆಲಸ.

ಅದಕ್ಕೇ ಗೈಡ್ ಟ್ರ್ಯಾಕನ್ನು, ಅಂದರೆ ಗಾಯಕರು ಕೇಳಿ ಕಲಿಯುವ ಮಾದರಿಯನ್ನು, ನಾನು ಹಾಡುವುದಿಲ್ಲ, ಪಿಯಾನೊದಲ್ಲಿ ನುಡಿಸಿ ಕೊಡುತ್ತೇನೆ. ಹಾಡಿ ಕೊಟ್ಟರೆ ನಾನು ಉಸಿರು ತೆಗೆದುಕೊಳ್ಳುವ ಜಾಗ, ಪದ ಎಳೆಯುವ ರೀತಿ ಎಲ್ಲ ಅವರಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಬಿಡಿಸುವುದು ಬಲು ಕಷ್ಟ. ಶ್ರುತಿಯನ್ನೂ ಅವರ ಕಂಠ ನೋಡಿಯೇ ಇಡಬೇಕು. ಪಲ್ಲವಿಯನ್ನು ಅರ್ಧರ್ಧ ಸ್ವರ ಏರಿಸಿ, ಇಳಿಸಿ ಹಾಡಿಸುತ್ತೇನೆ. ಆರಾಮಾಗಿ ಎಟುಕುವ ಶ್ರುತಿಗಿಂತ ಒಂದು ಎಳೆ ಮೇಲೆ ಹೋದಾಗ ದನಿಗೆ ಬರುವ ಬಿಗಿ ಇದೆಯಲ್ಲ, ಪಾಪ್ ಪಲ್ಲವಿಗೆ ಬೇಕಾದ್ದು ಹೆಚ್ಚಾಗಿ ಅದೇ.

ಒಬ್ಬ ಹುಡುಗಿಯ ಹಾಡಿನಲ್ಲಿ ಪಲ್ಲವಿಯ ಕೊನೆ ಸಾಲು 'ಉಳಿದೆ ನಾ ನಿನ್ನಲಿ' ಅಂತಿತ್ತು. ಮೇಲಿನ ಸ್ವರ 'ಲಿ' ಮೇಲೆ ಬೀಳುತ್ತಿತ್ತು. ಅಷ್ಟು ಎತ್ತರದಲ್ಲಿ ಇಕಾರ ಹಿಡಿದರೆ ಅವಳ ಗಂಟಲು ಕಟ್ಟುತ್ತಿತ್ತು, ಪ್ರತಿ ಟೇಕ್‌ನಲ್ಲೂ ಸ್ವರ ಜಾರುತ್ತಿತ್ತು. 'ಉಳಿದೆ ನಿನ್ನಲಿ ನಾ' ಅಂತ ಹಾಡಿ ನೋಡು ಅಂದೆ. 'ನಾ' ಮೇಲೆ ಬಾಯಿ ತೆರೆದು ಬಿಟ್ಟಳು ನೋಡಿ, ದನಿ ತುಂಬಿ ಬಂತು. ಅವಳ ಹೆಡ್‌ಫೋನ್‌ನಲ್ಲಿ ಅವಳದೇ ದನಿಯನ್ನು ಸ್ವಲ್ಪ ತಗ್ಗಿಸಿದ್ದೆ. ತನ್ನ ದನಿ ಜೋರಾಗಿ ಕೇಳಿಸಿದರೆ ಹಾಡುವವರು ತಮಗೇ ಗೊತ್ತಿಲ್ಲದೆ ಮೆಲ್ಲಗೆ ಹಾಡುತ್ತಾರೆ. ಮೆಲುದನಿಯೂ ಸ್ಪಷ್ಟವಾಗಿ ದಾಖಲಾಗುವ 24 ಬಿಟ್‌ನಲ್ಲಿ ರೆಕಾರ್ಡಿಂಗ್ ಇರುವಾಗ ಮೀಟರಿನ ಲೆವೆಲ್ ಕೆಂಪು ಮುಟ್ಟುವಷ್ಟು ಏರಿಸಬೇಕಾಗಿಯೂ ಇಲ್ಲ. ಜೋರಿನ ಪದ ಮೈನಸ್ 10 ಡೆಸಿಬೆಲ್ ಹತ್ತಿರ, ಅಂದರೆ ದನಿ ಒಡೆಯುವ ಮಿತಿಯಾದ ಸೊನ್ನೆಗಿಂತ ಅಷ್ಟು ಕೆಳಗೆ, ನಿಂತರೆ ಸಾಕು, ಹೆದರದೆ ದನಿ ಬಿಡಬಹುದು.

ಪಿಚ್ ತಿದ್ದುವುದು, ಟೇಕ್ ಜೋಡಿಸುವುದು ಎಲ್ಲ ಆಮೇಲೆ. ಮೊದಲು ಪೂರ್ತಿ ಹಾಡು ಎರಡು ಮೂರು ಸಲ ತಡೆಯಿಲ್ಲದೆ ಹಾಡಿಸಿಕೊಳ್ಳುತ್ತೇನೆ. ನನ್ನ ಹಾಡಿಗಂತೂ ಎದುರಿಗೆ ಇನ್ನೊಬ್ಬರನ್ನು ಕೂರಿಸುತ್ತೇನೆ. ಹಾಡುತ್ತಲೇ ಟೇಕ್ ತೂಗಿ ನೋಡುವುದು ನನ್ನಿಂದ ಆಗದು.

ದುಡ್ಡಿನ ಮಾತು ಮಿಕ್ಸ್‌ಗೆ, ಅಂದರೆ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವುದಕ್ಕೆ, ಮುಂಚೆಯೇ ಮುಗಿಯಬೇಕು. ಸಾಹಿತ್ಯ ಮತ್ತು ಟ್ಯೂನಿನ ಹಕ್ಕು ಬೇರೆ, ರೆಕಾರ್ಡಿಂಗಿನ ಹಕ್ಕು ಬೇರೆ. 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಕೋಡ್ ಗುರುತಿಸುವುದು ರೆಕಾರ್ಡಿಂಗನ್ನು ಮಾತ್ರ. ಬರೆದವರ ಪಾಲು ಯಾರಿಗೆಷ್ಟು ಎಂದು ಅದರಿಂದ ಗೊತ್ತಾಗದು. ಅದನ್ನು ಬೇರೆ ಹಾಳೆಯಲ್ಲಿ ಬರೆದು ಎಲ್ಲರ ಸಹಿ ಹಾಕಿಸುತ್ತೇನೆ. 'ನಾ' ಜಾಗ ಬದಲಿಸಿದ್ದಕ್ಕೆ ನಾನು ಪಾಲು ಕೇಳಲಿಲ್ಲ, ಅದು ಪ್ರೊಡ್ಯೂಸರ್ ಕೆಲಸ. ಪಲ್ಲವಿಯ ಟ್ಯೂನನ್ನೇ ಹೊಸದಾಗಿ ಕಟ್ಟಿದ್ದರೆ ಖಂಡಿತ ಕೇಳುತ್ತಿದ್ದೆ.