ಹಿಮ್ಮಡಿ ನೋವಿಗೆ ನಾನು ಮಾಡಿದ್ದು

ಹದಿನೆಂಟು ವರ್ಷದಿಂದ ದೋಸೆ ಕಾವಲಿ ಮುಂದೆ ನಿಂತಿದ್ದೇನೆ. ತಿಪಟೂರಿನ ನಮ್ಮ ಪುಟ್ಟ ಹೋಟೆಲ್ಲಿನ ಅಡುಗೆಮನೆಗೆ ಕಡಪ ಕಲ್ಲಿನ ನೆಲ. ಬೆಳಿಗ್ಗೆ 6ರಿಂದ 11ರವರೆಗೆ ಅದರ ಮೇಲೆ ಬರಿಗಾಲು. ಕಳೆದ ಯುಗಾದಿ ಹೊತ್ತಿಗೆ ಬಲಗಾಲಿನ ಹಿಮ್ಮಡಿ ಹಿಡಿದುಕೊಂಡಿತು. ಹಾಸಿಗೆಯಿಂದೆದ್ದು ಕಾಲೂರಿದರೆ ಮೊಳೆ ತುಳಿದ ಹಾಗೆ. ಹತ್ತು ಹೆಜ್ಜೆ ಹಾಕಿದ ಮೇಲೆ ಕಡಿಮೆ. ಊಟಕ್ಕೆ ಕೂತು ಎದ್ದರೆ ಮತ್ತೆ ಅದೇ ಮೊಳೆ.

ಇಟ್ಟಿಗೆ ಕಾಯಿಸಿ, ಮೇಲೆ ಎಕ್ಕದ ಎಲೆ ಇಟ್ಟು ಹಿಮ್ಮಡಿ ಒತ್ತಿದ್ದೂ ಆಯಿತು. ಹಾಯೆನಿಸಿತು, ಆದರೆ ಬೆಳಗಾದರೆ ಮೊಳೆ ಇದ್ದೇ ಇತ್ತು. ಎಕ್ಸ್‌ರೇ ತೆಗೆಸಿದಾಗ ‘ಮೂಳೆ ಬೆಳೆದಿದೆ’ ಎಂದರು. ಎದೆ ಧಸಕ್ ಎಂದಿತು. ಫಿಸಿಯೋಥೆರಪಿ ಮಾಡುವ ಹುಡುಗಿ ನಕ್ಕಳು. ಹಾಗೆ ಮೂಳೆ ಬೆಳೆದಿದ್ದರೂ ನೋವೇ ಇಲ್ಲದವರು ಬೇಕಾದಷ್ಟು ಜನ ಇದ್ದಾರಂತೆ. ನೋಯುವುದು ಹಿಮ್ಮಡಿ ಮೂಳೆಯಿಂದ ಬೆರಳಿನ ಬುಡದವರೆಗೆ ಅಂಗಾಲಿನಲ್ಲಿ ಹಾದುಹೋಗುವ ಪಟ್ಟಿ. ರಾತ್ರಿಯೆಲ್ಲ ಅದು ಬಿಗಿದುಕೊಂಡಿರುತ್ತದೆ. ಎದ್ದ ತಕ್ಷಣ ಮೈಭಾರವೆಲ್ಲ ಬಿದ್ದರೆ ಎಳೆಯುತ್ತದೆ, ಅಲ್ವಾ?

ಹಾಗಾಗಿ ಮೊದಲ ಕೆಲಸ ಹಾಸಿಗೆಯಲ್ಲೇ. ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟುಕೊಳ್ಳಿ. ಬೆರಳುಗಳನ್ನು ಬುಡದಲ್ಲಿ ಹಿಡಿದು ಮೊಣಕಾಲಿನ ಕಡೆಗೆ ಎಳೆಯಿರಿ. ಇನ್ನೊಂದು ಕೈಯಿಂದ ಅಂಗಾಲು ಮುಟ್ಟಿ ನೋಡಿ, ಹಗ್ಗ ಬಿಗಿದ ಹಾಗೆ ಸಿಗಬೇಕು. ಸಿಗದಿದ್ದರೆ ಎಳೆದದ್ದು ಸಾಲದು. ಹತ್ತು ಎಣಿಸಿ ಬಿಡಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೊದಲನೆಯದು ಮಾತ್ರ ಕಾಲು ನೆಲಕ್ಕೆ ತಾಗುವ ಮುಂಚೆಯೇ ಆಗಬೇಕು. ಹಾಲಿನವನು ಬಾಗಿಲು ಬಡಿದರೂ ಏಳಬೇಡಿ.

ಮೀನಖಂಡ ಬಿಗಿಯಾಗಿದ್ದರೂ ಹಿಮ್ಮಡಿ ಎಳೆಯುತ್ತದೆ. ಗೋಡೆಗೆ ಕೈ ಕೊಟ್ಟು, ನೋಯುವ ಕಾಲು ಹಿಂದಿಟ್ಟು, ಹಿಮ್ಮಡಿ ಊರಿಕೊಂಡೇ ಮುಂದಿನ ಮಂಡಿ ಬಗ್ಗಿಸಿ. 30 ಸೆಕೆಂಡು, ಮೂರು ಸಲ. ನಾನು ಇದನ್ನು ಕಾವಲಿ ಕಾಯುವಷ್ಟರಲ್ಲಿ ಮುಗಿಸುತ್ತೇನೆ.

ಇಷ್ಟಕ್ಕೇ ನಿಲ್ಲಿಸುವವರೇ ಜಾಸ್ತಿ. ನಾನೂ ನಿಲ್ಲಿಸಿದ್ದೆ. ಕಾಲಿಗೆ ಬಲ ಬಂದದ್ದು ಮೆಟ್ಟಿಲ ಮೇಲೆ ಮಾಡುವ ವ್ಯಾಯಾಮದಿಂದ. ಟವೆಲ್ ಸುತ್ತಿ ಕೆಳಗಿನ ಮೆಟ್ಟಿಲ ಮೇಲಿಡಿ. ಕಾಲ್ಬೆರಳು ಟವೆಲ್ ಮೇಲೆ ಏರಿರಬೇಕು, ಹಿಮ್ಮಡಿ ಗಾಳಿಯಲ್ಲಿರಬೇಕು. ಗೋಡೆ ಹಿಡಿದುಕೊಂಡು ಒಂಟಿ ಕಾಲಲ್ಲಿ ಮೂರು ಎಣಿಸುತ್ತ ಮೇಲೇಳಿ, ಎರಡು ಎಣಿಸುವಷ್ಟು ನಿಲ್ಲಿ, ಮೂರು ಎಣಿಸುತ್ತ ಇಳಿಯಿರಿ. 12 ಸಲಕ್ಕೆ ಒಂದು ಸುತ್ತು, ಮೂರು ಸುತ್ತು. ಒಂಟಿ ಕಾಲಲ್ಲಿ ಆಗದಿದ್ದರೆ ಎರಡೂ ಕಾಲಲ್ಲಿ ಶುರು ಮಾಡಿ. ದಿನಾ ಬೇಡ, ದಿನ ಬಿಟ್ಟು ದಿನ. ಎರಡು ವಾರ ಕಳೆದ ಮೇಲೆ ಬೆನ್ನಿಗೆ ಭಾರ ಹಾಕಿಕೊಂಡು 10 ಸಲ ಮಾಡಬೇಕು. ನಾನು ಮಗನ ಸ್ಕೂಲ್ ಬ್ಯಾಗಿಗೆ ಎರಡು ಕೆಜಿ ದೋಸೆ ಅಕ್ಕಿ ತುಂಬಿಕೊಂಡೆ. ನಮ್ಮೆಜಮಾನರು ‘ಯಾವ ಕ್ಲಾಸಮ್ಮ?’ ಎಂದು ರೇಗಿಸುತ್ತಿದ್ದರು. ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ. ಮಾರನೇ ಬೆಳಿಗ್ಗೆ ನೋವು ಹೆಚ್ಚಿದ್ದರೆ ಭಾರ ಇಳಿಸಿ.

ರಾತ್ರಿ ನೀರಿನ ಬಾಟಲಿ ಫ್ರೀಜರಿನಲ್ಲಿ ಗಟ್ಟಿ ಮಾಡಿ, ಬಟ್ಟೆ ಸುತ್ತಿ, ಅಂಗಾಲಿನ ಕೆಳಗೆ ಹತ್ತು ನಿಮಿಷ ಉರುಳಿಸಿ. ನೋವು ತಗ್ಗುತ್ತದೆ, ಅಷ್ಟೇ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರು ಐಸಿನ ತಂಟೆಗೆ ಹೋಗಬೇಡಿ. ಬಿಸಿ ಇಟ್ಟಿಗೆಯಂತೂ ಬೇಡವೇ ಬೇಡ. ಸುಟ್ಟರೂ ಗೊತ್ತಾಗುವುದಿಲ್ಲ.

ದೊಡ್ಡ ಜಗಳ ನಡೆದದ್ದು ಚಪ್ಪಲಿಗೆ. ಅಡುಗೆಮನೆಯೊಳಗೆ ಚಪ್ಪಲಿಯಾ ಎಂದು ಅತ್ತೆ ಎರಡು ದಿನ ಮಾತು ಬಿಟ್ಟರು. ಹೊರಗೆ ಒಂದು ದಿನವೂ ಮೆಟ್ಟದ, ಒಳಗಷ್ಟೇ ಹಾಕುವ ಹೊಸ ಮೆತ್ತನೆ ಜೋಡಿ ತಂದೆ. ಕಾವಲಿ ಮುಂದೆ ದಪ್ಪ ರಬ್ಬರ್ ಮ್ಯಾಟ್ ಹಾಸಿದೆ. ಈಗ ಆ ಮ್ಯಾಟಿನ ಮೇಲೆ ನಿಂತು ಚಟ್ನಿ ರುಬ್ಬುವುದು ಅವರೇ.

ಹಿಮ್ಮಡಿ ಊದಿ ಕೆಂಪಾದರೆ, ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಮಲಗಿದ್ದಾಗಲೂ ನೋವು ಬಿಡದಿದ್ದರೆ ವ್ಯಾಯಾಮ ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ನನಗೆ ಒಂದು ತಿಂಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ನಾಲ್ಕನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಒಲೆ ಹಚ್ಚುವವರೆಗೂ ಕಾಲು ನೆನಪಾಗಲಿಲ್ಲ. ಖುಷಿಯಲ್ಲಿ ಎಲ್ಲ ಬಿಟ್ಟೆ. ಮದುವೆ ಸೀಸನ್ನಿನಲ್ಲಿ ಎರಡು ವಾರ ಆರ್ಡರ್ ಮೇಲೆ ಆರ್ಡರ್ ಬಂತು, ಮೊಳೆಯೂ ವಾಪಸು ಬಂತು. ಈಗ ಮತ್ತೆ ಎರಡೂ ಕಾಲಿನಿಂದ ಶುರು ಮಾಡಿದ್ದೇನೆ, ಬ್ಯಾಗಿಲ್ಲದೆ.